ಗುಣ ಆಗೇತಿ ಅಂದಾಕಿ

ನೆಹೆಮಿಯಾನವರ ಮನೆಗೆ ಒಂದೇ ವಾರದಲ್ಲಿ ಇಬ್ಬರು ಆಸ್ಪತ್ರೆಯಿಂದ ಬಂದರು. ಮೊದಲು ಬಂದವರು ಯಜಮಾನರು, ಅಂಡವಾಯುವಿನ ಆಪರೇಶನ್ ಮಾಡಿಸಿಕೊಂಡು. ಅವರ ಬೆನ್ನಿಗೇ ಬಂದವಳು ಸೊಸೆ ಹನ್ನಾ. ಎಳೆಗೂಸಿಗೆ ಹಾಲೂಡಿಸುತ್ತಿದ್ದವಳಿಗೆ ಎದೆಯಲ್ಲಿ ಕೀವು ತುಂಬಿ, ಕೊಯ್ಯಿಸಿಕೊಂಡು ಬಂದಿದ್ದಳು. ಯಜಮಾನರನ್ನು ಕರೆತರುವ ದಿನ ನೆರೆಮನೆಯ ಟಾಂಗಾದ ಖಾಜಾಸಾಬ ಗಾಡಿಯಲ್ಲಿ ಗಾದಿ ಹಾಸಿ, ಕುದುರೆಯನ್ನು ಓಡಿಸದೆ ನಡೆಸಿಕೊಂಡೇ ಬಂದ. ಹನ್ನಾ ಬರುವ ದಿನ ಅವನು ಬಾಡಿಗೆಗೆ ಸ್ಟೇಶನ್ನಿಗೆ ಹೋಗಿದ್ದ. ಅವಳು ಕೂಸನ್ನು ನಾದಿನಿ ಕ್ಲಾರಾಳ ಕೈಗೆ ಕೊಟ್ಟು ನಡೆದೇ ಬಂದಳು. ಇದರಲ್ಲಿ ಯಾರ ತಪ್ಪೂ ಇಲ್ಲ ಅನ್ನಿ. ಆ ಮನೆಯಲ್ಲಿ ಮುಂದೆ ನಡೆದದ್ದೆಲ್ಲ ಹೀಗೆಯೇ, ಯಾರ ತಪ್ಪೂ ಇಲ್ಲದೆ ನಡೆಯಿತು.

ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನ ಹಿಂದೆ ಹಂಚಿನ ಮನೆಗಳ ಒಂದು ಓಣಿ. ಮೂವತ್ತಾರನೆಯ ಇಸವಿಯ ಮಾತು. ನೆಹೆಮಿಯಾ ರೈಲು ಡಬ್ಬಿಗಳಿಗೆ ಬಣ್ಣ ಹಚ್ಚುವ ಕೆಲಸ ಮಾಡಿ ನಿವೃತ್ತರಾದವರು, ಸಭೆಯ ಹಿರಿಯರು. ಚರ್ಚಿನಲ್ಲಿ ಮೊದಲ ಬೆಂಚು ಅವರದು. ಮಗ ಬೆಂಜಮಿನ್ ಅದೇ ವರ್ಕಶಾಪಿನಲ್ಲಿ ಫಿಟ್ಟರ್. ಮಗಳು ಕ್ಲಾರಾ ಹೆಣ್ಣುಮಕ್ಕಳ ಸಾಲೆಯಲ್ಲಿ ಸಣ್ಣ ತರಗತಿಗೆ ಕಲಿಸುತ್ತಿದ್ದಳು. ಇನ್ನು ಯಜಮಾನತಿ ಸತ್ಯವ್ವ. ನೀರು, ಒಲೆ, ರೊಟ್ಟಿ, ಭಾಂಡೆ ಎಲ್ಲಕ್ಕೂ ಅವಳದೇ ಹುಕುಮು. ಕೈ ಮಾತ್ರ ಹನ್ನಾಳದು.

ಬಿಡುಗಡೆಯ ದಿನ ನೆಹೆಮಿಯಾನವರಿಗೆ ಡಾಕ್ಟರು ಹೇಳಿದ್ದು ಇಷ್ಟೇ: ಭಾರ ಎತ್ತಬೇಡಿ, ಇನ್ನು ಬರುವ ಕಾರಣವಿಲ್ಲ. ಹೆಂಗಸರ ವಾರ್ಡಿನ ಡಾಕ್ಟರಮ್ಮ ಹನ್ನಾಳಿಗೆ ಹೇಳಿದ್ದು ಬೇರೆ. ಗಾಯ ಒಳಗಿನಿಂದ ಮಾಗಬೇಕು, ವಾರಕ್ಕೊಮ್ಮೆ ಬಂದು ಪಟ್ಟಿ ಬದಲಿಸಿಕೊಂಡು ಹೋಗು, ಜ್ವರ ಬಂದರೆ ಅವತ್ತೇ ಬಾ, ಮರುದಿನ ಬೇಡ ಎಂದು ಎರಡು ಸಲ ಹೇಳಿ, ತಿಳಿಯಿತೇ ಎಂದು ಮತ್ತೆ ಕೇಳಿದ್ದರು. ಆಗಿನ ಕಾಲದಲ್ಲಿ ಕೀವಿಗೆ ಕತ್ತರಿಯೊಂದೇ ಮದ್ದು. ಒಳಗೆ ಉಳಿದರೆ ರಕ್ತಕ್ಕೆ ಏರುತ್ತಿತ್ತು, ಏರಿದ ಮೇಲೆ ಬಾಣಂತಿಯರು ಉಳಿದದ್ದು ಕಡಿಮೆ. ಹನ್ನಾಳ ಪಕ್ಕದ ಮಂಚದವಳು ಹಾಗೆಯೇ ಹೋಗಿದ್ದಳು. ಹನ್ನಾ ಅದನ್ನು ಕಣ್ಣಾರೆ ಕಂಡು ಬಂದಿದ್ದಳು.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಆಸ್ಪತ್ರೆಯಿಂದ ಬಂದವರು ಮನೆಯಲ್ಲಿ ಸ್ತೋತ್ರದ ಕೂಟ ಇಡಬೇಕು. ಸಭೆಯ ಜನ ಬಂದು ಕೀರ್ತನೆ ಹಾಡುತ್ತಾರೆ, ಪಾಸ್ಟರ್ ಪ್ರಾರ್ಥನೆ ಮಾಡುತ್ತಾರೆ, ಗುಣವಾದವರು ಎದ್ದು ನಿಂತು ಕರ್ತನು ನನ್ನನ್ನು ಗುಣಪಡಿಸಿದನು ಎಂದು ಎಲ್ಲರ ಮುಂದೆ ಸಾಕ್ಷಿ ಹೇಳುತ್ತಾರೆ. ಆಮೇಲೆ ಚಹಾ, ಉಪ್ಪಿಟ್ಟು. ಕೂಟ ಆಗುವ ತನಕ ರೋಗಿ ರೋಗಿಯೇ. ಅವರ ಕೈಯಲ್ಲಿ ಕೆಲಸ ಹೇಳುವಂತಿಲ್ಲ. ಕೂಟ ಆಯಿತೋ, ರೋಗವೂ ಮುಗಿಯಿತು. ಪದ್ಧತಿಯಲ್ಲಿ ಕೆಟ್ಟದ್ದೇನಿಲ್ಲ. ಅದನ್ನು ಯಾವಾಗ ಇಡಬೇಕು ಎಂದು ಬೈಬಲ್ಲಿನಲ್ಲಿ ಬರೆದಿಲ್ಲ, ತೊಂದರೆ ಅಷ್ಟೇ.

ಹನ್ನಾ ಮನೆಗೆ ಬಂದ ಮೊದಲ ರವಿವಾರವೇ ಸತ್ಯವ್ವ ಅವಳ ಕೂಟ ಇಟ್ಟಳು. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿದರಂತೆ, ಹಾಗೆ. ಇಬ್ಬರು ರೋಗಿಗಳನ್ನು ಕೂರಿಸಿ ಉಣಿಸುವ ಶಕ್ತಿ ತನಗಿಲ್ಲ, ಒಬ್ಬರಾದರೂ ಎದ್ದರೆ ಮನೆ ನಡೆದೀತು ಎಂದು ಅವಳ ಲೆಕ್ಕ. ಎದ್ದೇಳಬೇಕಾದವರು ಯಾರು ಎಂಬುದರ ಬಗ್ಗೆ ಅಲ್ಲಿ ಚರ್ಚೆಯೇ ಆಗಲಿಲ್ಲ. ತನ್ನ ಕೂಟದ ಉಪ್ಪಿಟ್ಟಿಗೆ ರವೆ ಹುರಿದವಳೂ ಹನ್ನಾಳೇ. ಜನ ಬಂದಾಗ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತು, ಗುಣ ಆಗೇತಿ, ಕರ್ತನಿಗೆ ಸ್ತೋತ್ರ ಎಂದಳು. ಎದೆಯ ಪಟ್ಟಿ ಆಗ ಒದ್ದೆಯಾಗಿತ್ತು. ಹೆಂಗಸರ ವಾರ್ಡಿನ ನರ್ಸ್ ಎಸ್ತರಮ್ಮ ಕೂಡ ಅದೇ ಸಭೆಯವಳು. ಅವಳೂ ಬಂದು ಉಪ್ಪಿಟ್ಟು ತಿಂದು, ಪಟ್ಟಿ ಕಟ್ಟಿಸಲು ತಪ್ಪದೆ ಬಾ ಎಂದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಹನ್ನಾಳ ಕೈಗೆ ಕೊಡ ಬಂತು, ರೊಟ್ಟಿಯ ಹಿಟ್ಟು ಮುಂದೆ ಬಂತು. ಮನೆಯಲ್ಲಿ ಐದು ಮಂದಿಗೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯಬೇಕು. ಬಲಗೈ ಎತ್ತಿ ಬಡಿದಾಗೆಲ್ಲ ಗಾಯ ಜಗ್ಗುತ್ತಿತ್ತು. ಎಡಗೈಯಲ್ಲಿ ಬಡಿಯಲು ನೋಡಿದಳು, ರೊಟ್ಟಿ ಹರಿಯಿತು. ಹರಿದ ರೊಟ್ಟಿಗಳನ್ನು ತಾನು ತಿಂದಳು.

ನೆಹೆಮಿಯಾನವರ ಕೂಟದ ಮಾತನ್ನು ಕ್ಲಾರಾ ಒಂದು ದಿನ ಊಟದ ಹೊತ್ತಿಗೆ ತೆಗೆದಳು. ಅಪ್ಪ ಅತ್ತಿಗೆಗಿಂತ ಮೊದಲು ಬಂದವರಲ್ಲವೇ, ಅವರದು ಯಾವಾಗ ಎಂದು ಕೇಳಿದಳು. ನೆಹೆಮಿಯಾ ಕೋಳಿಯ ಸಾರಿನಲ್ಲಿ ಅನ್ನ ಕಲಸುತ್ತಿದ್ದರು. ಉತ್ತರ ಸತ್ಯವ್ವ ಕೊಟ್ಟಳು.

"ನಿಮ್ಮಪ್ಪಗ ಇನ್ನೂ ಪೂರಾ ಗುಣ ಆಗಿಲ್ಲ. ಅವರು ಸಭಾದ ಹಿರ್ಯಾರು. ದೇವರ ಮುಂದ ಸುಳ್ಳ ಸಾಕ್ಷಿ ಹೇಳಬಾರದು."

"ಅತ್ತಿಗಿ ಹೇಳಬಹುದೇನ್?"

ಸತ್ಯವ್ವ ಸಾರಿನ ಸೌಟನ್ನು ಕುಕ್ಕಿ ಇಟ್ಟಳು. ಸಾಲಿ ಕಲಿಸುವವರ ನಾಲಿಗೆ ಉದ್ದ ಆಗುತ್ತದೆಂದು ತನ್ನ ತವರಿನಲ್ಲಿ ಹೇಳುತ್ತಿದ್ದರು, ಸುಳ್ಳಲ್ಲ ಎಂದಳು. ಬೆಂಜಮಿನ್ ತಲೆ ತಗ್ಗಿಸಿ ಉಂಡ. ಅವನು ಒಳ್ಳೆಯವನು. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವನಲ್ಲ, ಹೆಂಡತಿಗಾಗಿ ಎಂದೂ ದನಿ ಎತ್ತಿದವನೂ ಅಲ್ಲ.

ನೆಹೆಮಿಯಾನವರಿಗೆ ಆಸ್ಪತ್ರೆ ಸೇರಿಹೋಗಿತ್ತು. ಅದನ್ನು ತಪ್ಪೆನ್ನಲಾರೆ. ಮನೆಯಲ್ಲಿ ಅವರ ಮಾತು ಕೇಳುವವರು ಕೇಳಿ ಕೇಳಿ ಬೇಸತ್ತಿದ್ದರು. ಗಂಡಸರ ವಾರ್ಡಿನಲ್ಲಿ ಹೊಸ ಕಿವಿಗಳು ಸಿಗುತ್ತಿದ್ದವು. ಒಂದು ವಾರ ಹೊಲಿಗೆ ಜಗ್ಗಿದಂತಾಯಿತು. ಮುಂದಿನ ವಾರ ಕೆಮ್ಮಿದಾಗ ಏನೋ ಹೊರಬಂದಂತಾಯಿತು. ಅದರ ಮುಂದಿನ ವಾರ ತೇಗು ಬರಲಿಲ್ಲ. ಪ್ರತಿ ಸಲ ಬೆಂಜಮಿನ್ ಅರ್ಧ ದಿನ ರಜೆ ಹಾಕಿದ, ಖಾಜಾಸಾಬ ಗಾದಿ ಹಾಸಿದ. ಪ್ರತಿ ಸಲ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಎಲ್ಲಾ ಛಲೋ ಐತಿ ಯಜಮಾನರ, ಮನೆಗೆ ಹೋಗಿ ಆರಾಮಿರ್ರಿ ಎಂದರು. ಯಜಮಾನರು ಬರುವಾಗ ಬ್ರೆಡ್ಡು ಕೊಂಡು, ಮುಖ ಅರಳಿಸಿಕೊಂಡು ಬಂದರು. ಅದೇ ಆಸ್ಪತ್ರೆಗೆ ಅದೇ ದಾರಿಯಲ್ಲಿ ಸೊಸೆ ವಾರಕ್ಕೊಮ್ಮೆ ಹೋಗಬೇಕಾಗಿತ್ತು ಎಂಬುದು ಅವರಿಗೆ ಗೊತ್ತಿಲ್ಲದೇ ಇರಲಿಲ್ಲ. ನೆನಪಾಗಲಿಲ್ಲ, ಅಷ್ಟೇ.

ಹನ್ನಾ ಮೊದಲ ವಾರ ಹೊರಡಲು ನೋಡಿದಳು. ಅವತ್ತು ಜೋಳ ಬೀಸುವುದಿತ್ತು, ಹೋಗಲಾಗಲಿಲ್ಲ. ಎರಡನೆಯ ವಾರ ಸತ್ಯವ್ವನಿಗೆ ಮೈಯಲ್ಲಿ ಸರಿಯಿರಲಿಲ್ಲ, ಏನೆಂದು ಹೇಳದೆ ಸೊಂಟ ಹಿಡಿದುಕೊಂಡು ಮಲಗಿದ್ದಳು. ಆಮೇಲೆ ಹೋಗುವ ಮಾತನ್ನು ಹನ್ನಾಳೇ ಬಿಟ್ಟಳು. ಗಾಯದ ಬಾಯಿ ಮೇಲೆ ಕೂಡಿಕೊಂಡಿತ್ತು, ಒಳಗೆ ಗಟ್ಟಿಯಾಗುತ್ತ ಬಂದಿತ್ತು. ಸಂಜೆಯಾದರೆ ಮೈ ಕಾಯುತ್ತಿತ್ತು. ಸತ್ಯವ್ವ ಮಲ್ಲಿಗೆಯ ಎಲೆ ಅರೆದು ಕಟ್ಟಿದಳು, ಅರಿಷಿಣ ಕಾಸಿ ಹಚ್ಚಿದಳು. ಮನಸ್ಸಿಟ್ಟೇ ಮಾಡಿದಳು, ಅದನ್ನು ಇಲ್ಲವೆನ್ನಬಾರದು. ಆದರೆ ಆಸ್ಪತ್ರೆಯ ಮಾತು ಬಂದರೆ ಅವಳ ಮುಖ ಬಿಗಿಯುತ್ತಿತ್ತು.

ಖಾಜಾಸಾಬನ ಹೆಂಡತಿ ಶರೀಫಾಬಿ ಹಿತ್ತಲ ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಗಂಡ ಯಜಮಾನರನ್ನು ಕೂರಿಸಿಕೊಂಡು ಹೋದಾಗೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು. ಒಂದು ಮಧ್ಯಾಹ್ನ ಹನ್ನಾ ಬಟ್ಟೆ ಒಗೆಯುತ್ತ ಒಗೆಯುತ್ತ ಕಲ್ಲಿಗೆ ಹಣೆ ಹಚ್ಚಿ ಕೂತದ್ದನ್ನು ಕಂಡು ಬಂದಳು.

"ನಡಿಯವ್ವ, ನಾ ಬರ್ತೇನಿ ಜೋಡಿ. ಸತ್ಯವ್ವಗ ನಾ ಹೇಳ್ತೇನಿ."

"ಬ್ಯಾಡ್ರಿ. ಏನಂತ ಹೋಗ್ಲಿ? ಎಸ್ತರಮ್ಮನ ಎದರಿಗೇ ಗುಣ ಆಗೇತಿ ಅಂತ ಅಂದೇನಿ. ಆಕಿ ನಮ್ಮನ್ಯಾಗ ಉಪ್ಪಿಟ್ಟು ತಿಂದು ಹೋಗ್ಯಾಳ."

ಶರೀಫಾಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂದ ಉಪ್ಪಿಟ್ಟಿಗೂ ಎದೆಯ ಹುಣ್ಣಿಗೂ ಏನು ಸಂಬಂಧ ಎಂದು ಕೇಳಿದಳು. ಹನ್ನಾ ಹೇಳಿದಳು: ತಾನು ದೇವರ ಹೆಸರು ಹಿಡಿದು ಹೇಳಿದ ಮಾತದು, ಈಗ ಹೋಗಿ ನಿಂತರೆ ತಾನೂ ಸುಳ್ಳಿ, ಅತ್ತೆಯೂ ಸುಳ್ಳಿ, ಹಿರಿಯರ ಮನೆಯೇ ಸುಳ್ಳಿನ ಮನೆ ಆಗುತ್ತದೆ. ತವರಿನಲ್ಲಿ ತಾಯಿಯಿಲ್ಲದ ಹುಡುಗಿ ಅದು. ಈ ಮನೆಯ ಮಾನವೇ ಅವಳಿಗೆ ದೊಡ್ಡದಾಗಿ ಕಂಡಿತ್ತು. ಇಂಥ ಮೊದ್ದುತನಕ್ಕೆ ಯಾರಿಗೆ ಬಡಿಯಬೇಕು ಹೇಳಿ.

ಕ್ಲಾರಾ ಸುಮ್ಮನಿರಲಿಲ್ಲ. ಅಣ್ಣನನ್ನು ಬಾವಿಯ ಹತ್ತಿರ ಹಿಡಿದು, ರಜೆ ಹಾಕಿ ಅತ್ತಿಗೆಯನ್ನು ಕರೆದುಕೊಂಡು ಹೋಗು ಎಂದಳು. ಅವನು ಮೋರೆ ಸಣ್ಣದು ಮಾಡಿದ. ಅಪ್ಪನನ್ನು ಕರೆದೊಯ್ಯುವುದರಲ್ಲಿ ರಜೆಯೆಲ್ಲ ತೀರಿದೆ, ಇನ್ನೊಮ್ಮೆ ಕೇಳಿದರೆ ಮನೆಯಲ್ಲೇ ಇರು ಎಂದು ಫೋರಮನ್ ಹೇಳಿದ್ದಾನೆ, ಬರುವ ರವಿವಾರ ನೋಡೋಣ ಎಂದ. ರವಿವಾರ ಆಸ್ಪತ್ರೆಯಲ್ಲಿ ಹೊರಗಿನ ರೋಗಿಗಳನ್ನು ನೋಡುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಮುಂದಿನ ಬುಧವಾರ ಯಜಮಾನರಿಗೆ ಮತ್ತೆ ಹೊಲಿಗೆ ಜಗ್ಗಿತು. ಬೆಂಜಮಿನ್ ಬರುವಂತಿರಲಿಲ್ಲ, ಕ್ಲಾರಾಳೇ ಸಾಲೆಗೆ ಹೇಳಿಕಳಿಸಿ ಜೊತೆಗೆ ಹೊರಟಳು. ಗಾಡಿ ಬಾಗಿಲಿಗೆ ಬಂತು. ನೆಹೆಮಿಯಾ ಶಾಲು ಹೊದ್ದು ಹತ್ತಿ ಕೂತರು. ಕ್ಲಾರಾ ಒಳಗೆ ಹೋದವಳು ಹನ್ನಾಳ ಕೈ ಹಿಡಿದು, ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

"ಹ್ಯಾಂಗೂ ಗಾಡಿ ಹೊಂಟೈತಿ. ಅತ್ತಿಗಿನೂ ಬರ್ಲಿ. ಮೈ ಕೆಂಡ ಆಗೇತಿ, ಮುಟ್ಟಿ ನೋಡ್ರಿ ಅಪ್ಪಾ."

ನೆಹೆಮಿಯಾ ಮುಟ್ಟಿ ನೋಡಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. ದನಿ ತಗ್ಗಿಸಿ, ಬೇಜಾರಿಲ್ಲದೆಯೇ ಮಾತಾಡಿದರು.

"ಒಂದ ಮನಿಯಿಂದ ಇಬ್ಬರು ಒಂದ ಗಾಡ್ಯಾಗ ಹೋದ್ರ ಮಂದಿ ಏನಂದಾರು? ಅವರ ಮನಿ ಸ್ತೋತ್ರ ಎಷ್ಟ ದಿನದ್ದು ಅಂದಾರು. ನಂದೊಂದು ಮುಗೀಲಿ. ಆಕಿಗೆ ಕಾಸಿದ ಹಾಲು ಕೊಡ್ರಿ, ಮಲಗಲಿ."

ಮಲಗುವುದೆಲ್ಲಿಂದ ಬಂತು. ಯಜಮಾನರು ತಿರುಗಿ ಬರುವಷ್ಟರಲ್ಲಿ ಗಂಜಿ ಆಗಬೇಕಿತ್ತು. ಹನ್ನಾಳೇ ಕೈ ಬಿಡಿಸಿಕೊಂಡು, ಕೂಸನ್ನು ಇಸಿದುಕೊಂಡು ಒಳಗೆ ಹೋದಳು. ಕ್ಲಾರಾ ಗಾಡಿ ಹತ್ತಿ ಅಪ್ಪನಿಗೆ ಬೆನ್ನು ಕೊಟ್ಟು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಯಜಮಾನರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು: ನಿಮಗ ಪೂರಾ ಗುಣ ಆಗೇತಿ, ಇನ್ನ ಬರಬ್ಯಾಡ್ರಿ.

ಅಲ್ಲಿಗೆ ಕೂಟ ಇಡುವುದು ತಪ್ಪಲಿಲ್ಲ. ಇಡುವುದಾದರೆ ಹಿರಿಯರಿಗೆ ತಕ್ಕಂತೆ ಇಡಬೇಕು. ಧಾರವಾಡದಿಂದ ದೊಡ್ಡ ಪಾಸ್ಟರ್ ಬರುವವರಿದ್ದರು, ಉಪ್ಪಿಟ್ಟಿನಲ್ಲಿ ಮುಗಿಯುವಂತಿರಲಿಲ್ಲ. ಕುರಿಯ ಸಾರು, ಅನ್ನ, ಗೋಧಿ ಹುಗ್ಗಿ ಎಂದು ನಿರ್ಧಾರವಾಯಿತು. ರವಿವಾರ ಬೆಳಿಗ್ಗೆಯಿಂದ ಹನ್ನಾ ಒಲೆಯ ಮುಂದೆ ಕೂತಳು. ಶರೀಫಾಬಿ ಮಸಾಲೆ ಅರೆದುಕೊಟ್ಟಳು, ಕ್ಲಾರಾ ಉಳ್ಳಾಗಡ್ಡಿ ಹೆಚ್ಚಿದಳು, ಸತ್ಯವ್ವ ಗೋಧಿ ಕುಟ್ಟಿದಳು. ಹನ್ನಾ ಎರಡು ಸಲ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಒಲೆಯ ಮುಂದೆ ಕೂತವಳು ಚಳಿಯಿಂದ ನಡುಗುತ್ತಿದ್ದಳು. ಇನ್ನೊಂದು ಹೊತ್ತು ತಡಕೋ, ಜನ ಉಂಡು ಹೋಗಲಿ ಎಂದು ಸತ್ಯವ್ವ ಅವಳ ಬೆನ್ನಿಗೆ ಕಂಬಳಿ ಹೊದಿಸಿದಳು.

ಮಧ್ಯಾಹ್ನ ಜನ ಪಡಸಾಲೆಯಲ್ಲಿ ತುಂಬಿದರು. ಹಾಡು, ಪ್ರಾರ್ಥನೆ ಆಯಿತು. ನೆಹೆಮಿಯಾ ಎದ್ದು ಸಾಕ್ಷಿ ಹೇಳಿದರು. ಹೊಲಿಗೆ ಜಗ್ಗಿದ್ದು, ಕೆಮ್ಮಿದ್ದು, ತೇಗು ಬಾರದ್ದು, ಒಂದೊಂದು ಸಲವೂ ಆಸ್ಪತ್ರೆಗೆ ಹೋದದ್ದು, ಒಂದೊಂದು ಸಲವೂ ಕರ್ತನು ಕೈಬಿಡದೆ ತಿರುಗಿ ಕಳಿಸಿದ್ದು. ಏನೂ ಬಿಡಲಿಲ್ಲ. ಕೊನೆಗೆ ದೊಡ್ಡ ಪಾಸ್ಟರ್, ಕೂಟಗಳಲ್ಲಿ ಯಾವಾಗಲೂ ಕೇಳುವಂತೆ, ಇನ್ನು ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಕೇಳಿದರು. ಯಾರೂ ಇರುವುದಿಲ್ಲವೆಂದು ಜನ ಆಗಲೇ ಕಾಲು ಸರಿಮಾಡಿಕೊಂಡು ಊಟಕ್ಕೆ ಕೂರುವವರಿದ್ದರು. ಹನ್ನಾ ಅಡಿಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಂದೊಂದು ಮಾತೈತ್ರಿ ಅಯ್ಯನವರ. ಅವತ್ತ ನಾ ಇಲ್ಲೇ ನಿಂತು ಗುಣ ಆಗೇತಿ ಅಂದಿದ್ದೆ. ಅದು ಖರೇ ಅಲ್ಲ. ಅವತ್ತೂ ಆಗಿರಲಿಲ್ಲ, ಇವತ್ತೂ ಆಗಿಲ್ಲ. ಆ ಸಾಕ್ಷಿ ನಾ ವಾಪಸ್ ತಗೊಳ್ಳಾಕತ್ತೇನಿ."

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸಾಕ್ಷಿ ಹೇಳುವುದನ್ನು ಕಂಡಿದ್ದರು, ವಾಪಸ್ಸು ತೆಗೆದುಕೊಳ್ಳುವುದನ್ನು ಆ ಸಭೆ ಕಂಡಿರಲಿಲ್ಲ. ನರ್ಸ್ ಎಸ್ತರಮ್ಮ ಮಾತ್ರ ಎದ್ದು ಬಂದು, ಹನ್ನಾಳನ್ನು ಒಳಗೆ ಕರೆದು ಸೆರಗು ಸರಿಸಿ ನೋಡಿದಳು. ಹೊರಗೆ ಬಂದವಳೇ ಗಾಡಿ ತರಿಸಿರಿ ಎಂದಳು. ನೆಹೆಮಿಯಾನವರ ಮುಖ ಕೆಂಪಾಗಿತ್ತು. ಜನ ಎಲೆಯ ಮುಂದೆ ಕೂತಿದ್ದಾರೆ, ಊಟ ಆಗಲಿ, ಆಮೇಲೆ ನೋಡೋಣ ಎಂದರು.

"ಊಟ ಆಗೂದ್ರಾಗ ಈಕಿ ಇರಾಂಗಿಲ್ರಿ ಹಿರ್ಯಾರ," ಎಂದಳು ಎಸ್ತರಮ್ಮ.

ಬೆಂಜಮಿನ್ ಆಗ ಎದ್ದ. ಅಪ್ಪನ ಮುಖ ನೋಡಲಿಲ್ಲ, ಹೋಗಿ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಧಾರವಾಡದ ಪಾಸ್ಟರರನ್ನು ಸ್ಟೇಶನ್ನಿಗೆ ಬಿಡಲು ಖಾಜಾಸಾಬನ ಗಾಡಿ ಹೊರಗೇ ನಿಂತಿತ್ತು. ತಾನು ನಡೆದು ಹೋಗುತ್ತೇನೆ ಎಂದರು ಪಾಸ್ಟರ್. ಗಾಡಿ ಹೋದ ಮೇಲೆ ಸತ್ಯವ್ವ ಅನ್ನದ ಬುಟ್ಟಿ ಎತ್ತಿಕೊಂಡು ಬಂದು ಬಡಿಸಿದಳು. ಜನ ಉಂಡರು. ಸಾರು ಛಲೋ ಆಗಿದೆ ಎಂದು ಒಬ್ಬಿಬ್ಬರು ಹೇಳಿದರು.

ಸಂಜೆಗೆ ಬೆಂಜಮಿನ್ ಬಂದ. ಡಾಕ್ಟರಮ್ಮ ಎರಡು ಕಡೆ ಕೊಯ್ದರಂತೆ. ಆ ಬದಿಯ ಹಾಲು ಇನ್ನು ಮುಂದೆ ಇಲ್ಲವಂತೆ. ಕೀವು ರಕ್ತಕ್ಕೆ ಏರಿಲ್ಲ, ಜೀವ ಉಳಿಯುತ್ತದಂತೆ. ಜ್ವರ ಬಂದ ದಿನವೇ ಬಾ ಅಂದಿದ್ದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಎಲ್ಲರೆದುರು ಬೈದರಂತೆ.

ತಾಯಿ ಮಗಳು ಹಿತ್ತಲಲ್ಲಿ ಭಾಂಡೆ ತಿಕ್ಕಲು ಕೂತರು. ಕ್ಲಾರಾ ಸಿಟ್ಟಿನಿಂದ ಕುದಿಯುತ್ತಿದ್ದಳು. ಅತ್ತಿಗೆ ಸತ್ತಿದ್ದರೆ ಏನು ಮಾಡುತ್ತಿದ್ದೆ, ಆಗಲೂ ಸ್ತೋತ್ರದ ಕೂಟ ಇಡುತ್ತಿದ್ದೆಯಾ ಎಂದು ತಾಯಿಯನ್ನು ಕೇಳಿದಳು. ಸತ್ಯವ್ವ ತಿಕ್ಕಿದ ಭಾಂಡೆಗೇ ಮತ್ತೆ ಬೂದಿ ಹಚ್ಚಿದಳು.

"ನೀ ಹುಟ್ಟಿದಾಗ ನನಗೂ ತಿರಗಿ ಬಾ ಅಂದಿದ್ರು. ಗರ್ಭ ಕೆಳಗ ಜಾರೇತಿ, ಒಂದು ತಿಂಗಳಿಗೆ ಬಾ, ಸರಿ ಮಾಡ್ತೇವಿ ಅಂದಿದ್ರು. ನಮ್ಮತ್ತಿ ಅದ ವಾರ ಕೂಟ ಇಟ್ಟಳು. ನಾನೂ ನಿಂತು ಗುಣ ಆಗೇತಿ ಅಂದೆ."

"ಆಮ್ಯಾಲ?"

"ಆಮ್ಯಾಲ ಏನು. ಇವತ್ತಿಗೂ ಕೊಡ ಎತ್ತಬೇಕಾದ್ರ ಒಂದು ಕೈಲೆ ಒತ್ತಿ ಹಿಡಕೊಂಡು ಎತ್ತೇನಿ. ನಾ ತಡಕೊಂಡೆ. ಆಕಿನೂ ತಡಕೋತಾಳ ಅನಕೊಂಡೆ."

ಕ್ಲಾರಾಳ ಕೈಯಲ್ಲಿದ್ದ ಪರಾತ ಅಲ್ಲೇ ನಿಂತಿತು. ತಾಯಿ ನೀರು ತರುವುದನ್ನು, ಸೊಂಟ ಹಿಡಿದು ಮಲಗುವುದನ್ನು ತಾನು ಹುಟ್ಟಿದಾಗಿನಿಂದ ನೋಡಿದ್ದಳು. ಅವಳು ಕೈ ತೊಳೆದುಕೊಂಡು ನೆರೆಮನೆಗೆ ಹೋದಳು. ನಾಳೆ ಬೆಳಿಗ್ಗೆ ಗಾಡಿ ಬೇಕು ಎಂದು ಖಾಜಾಸಾಬನಿಗೆ ಹೇಳಿದಳು. ಯಜಮಾನರಿಗೇನು ಎಂದು ಅವನು ಕೇಳಿದ. ಅಲ್ಲ ಕಾಕಾ, ಅವ್ವಗ ಎಂದಳು.

ಬೆಳಿಗ್ಗೆ ಗಾಡಿ ಬಂತು. ರೂಢಿಯಂತೆ ಖಾಜಾಸಾಬ ಗಾದಿ ಹಾಸಿಯೇ ತಂದಿದ್ದ. ಸತ್ಯವ್ವ ಒಲೆಯ ಮುಂದೆ ಕೂತು ಹನ್ನಾಳಿಗೆ ರವೆಯ ಗಂಜಿ ಕಾಸುತ್ತಿದ್ದಳು. ಕೂಸು ಅವಳ ತೊಡೆಯ ಮೇಲಿತ್ತು. ಕ್ಲಾರಾ ಗಾಡಿ ಯಾರಿಗೆಂದು ಹೇಳಿ ರಟ್ಟೆ ಹಿಡಿದಳು. ತಾನು ಇವತ್ತು ಸಾಲೆಗೆ ಹೋಗದೆ ಮನೆಯಲ್ಲಿರುತ್ತೇನೆ, ಕೂಸಿಗೆ ಹಾಲು ಕುಡಿಸುತ್ತೇನೆ, ಒಂದು ಹೊತ್ತು ಎಲ್ಲರೂ ಉಪವಾಸ ಇದ್ದರೂ ಸಾಯುವುದಿಲ್ಲ, ಏಳು ಎಂದು ಬೇಡಿಕೊಂಡಳು. ಸತ್ಯವ್ವ ಏಳಲಿಲ್ಲ. ಈ ವಯಸ್ಸಿನಲ್ಲಿ ಹೋಗಿ ಯಾರಿಗೆ ಏನು ತೋರಿಸಲಿ, ನಾಚಿಕೆಗೇಡು, ಸೊಸೆ ಎದ್ದು ಬರಲಿ ನೋಡೋಣ ಎಂದಳು.

ಅಷ್ಟರಲ್ಲಿ ನೆಹೆಮಿಯಾ ಎದ್ದು ಪಡಸಾಲೆಗೆ ಬಂದರು. ಬಾಗಿಲಲ್ಲಿ ಗಾಡಿ ಕಂಡು, ಯಾಕೆ ಬಂದಿದೆ ಎಂದು ಕೇಳಿದರು. ಕ್ಲಾರಾ ಬಾಯಿ ತೆರೆಯುವ ಮೊದಲೇ ಸತ್ಯವ್ವ ಒಳಗಿನಿಂದ ಮಾತಾಡಿದಳು.

"ರಾತ್ರಿ ಹೊಟ್ಟಿ ಬಿರುಸ ಆಗೇತಿ ಅಂತಿದ್ರಲ್ಲ. ಹೋಗಿ ತೋರಿಸ್ಕೊಂಡು ಬರ್ರಿ. ಬಂದ ಗಾಡಿ ಖಾಲಿ ಕಳಸೂದ್ಯಾಕ."

ಯಜಮಾನರು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಂಡರು. ಹೌದು, ಹುಗ್ಗಿ ಸ್ವಲ್ಪ ಹೆಚ್ಚಾಗಿತ್ತು ಎಂದರು. ಶಾಲು ಹೊದ್ದು ಗಾಡಿ ಹತ್ತಿದರು. ಸತ್ಯವ್ವ ಕೂಸನ್ನು ಕ್ಲಾರಾಳ ಕೈಗೆ ಕೊಟ್ಟು, ಗಂಜಿಯ ಡಬ್ಬಿ ತಂದು ಅವರ ತೊಡೆಯ ಮೇಲಿಟ್ಟು, ಚೆಲ್ಲದಂತೆ ಹಿಡಿದು ಹನ್ನಾಳಿಗೆ ಕೊಡಿರಿ ಎಂದಳು. ಖಾಜಾಸಾಬ ಕ್ಲಾರಾಳ ಮುಖ ನೋಡಿದ, ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡಳು, ಅವನು ಗಾಡಿ ಹೊಡೆದ. ಹಿಂದಿನ ದಿನವಷ್ಟೇ ಯಜಮಾನರು ಇಡೀ ಸಭೆಯ ಮುಂದೆ ನಿಂತು ತಮಗೆ ಗುಣವಾಯಿತೆಂದು ಸಾಕ್ಷಿ ಹೇಳಿದ್ದರು. ಅದು ಅವರಿಗೂ ನೆನಪಾಗಲಿಲ್ಲ, ಓಣಿಯಲ್ಲಿ ಯಾರೂ ಕೇಳಲೂ ಇಲ್ಲ.